ಇನ್ನಾಲಿಲ್ಲಾಹ್ ಬರೆದ ಮೇಲೆ ಉಳಿಯುವ ಕೆಲಸ



ಮಾತಿಗೆ ಸುಂಕವಿಲ್ಲ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಈಗಿನ ಕಾಲದಲ್ಲಿ ಮಾತಿಗೆ ಶ್ರಮವೂ ಇಲ್ಲ. ಎರಡು ಬೆರಳು ಆಡಿಸಿದರೆ ಸಂತಾಪ, ಒಂದು ಬೆರಳು ಒತ್ತಿದರೆ ದುಆ. ಒಳ್ಳೆಯ ಮಾತು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಒಳ್ಳೆಯ ಮಾತು ಆಡಿದ ಕೂಡಲೇ ಒಳ್ಳೆಯ ಕೆಲಸ ಮಾಡಿದಷ್ಟೇ ಸಮಾಧಾನ ಮನಸ್ಸಿಗೆ ಬಂದುಬಿಡುತ್ತದಲ್ಲ, ಅದರ ಬಗ್ಗೆ ಈ ಸಂಚಿಕೆಯಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಮ್ಮವರೊಬ್ಬರು ಇಲ್ಲಿ ತೀರಿಕೊಂಡರೆ ಎಂತ ಆಗುತ್ತದೆ ನೋಡಿ. ಬೆಳಿಗ್ಗೆ ಸುದ್ದಿ ಬರುತ್ತದೆ. ಊರಿನ ಜಮಾಅತ್ ಗ್ರೂಪ್, ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪ್, ಕುಟುಂಬದ ಗ್ರೂಪ್, ಸಂಘದ ಗ್ರೂಪ್, ಎಲ್ಲದರಲ್ಲೂ ಮರ್ಹೂಮರ ಫೋಟೋ. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನಾಲಿಲ್ಲಾಹ್ ಎಂಬ ಬರಹ ಸಾಲುಸಾಲಾಗಿ ಮೇಲಕ್ಕೆ ಹೋಗುತ್ತಿರುತ್ತದೆ. ಬರೆಯುವವರಿಗೆ ನಿಜವಾಗಿಯೂ ದುಃಖ ಉಂಟು, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಹೊತ್ತಿಗೆ ಮರ್ಹೂಮರ ಮಯ್ಯಿತ್ ಆಸ್ಪತ್ರೆಯ ಶವಾಗಾರದಲ್ಲಿ ಇರುತ್ತದೆ. ಅದನ್ನು ಅಲ್ಲಿಂದ ಹೊರಗೆ ತರಲು ಒಂದು ಮೆಸೇಜಿನಿಂದಲೂ ಸಾಧ್ಯವಿಲ್ಲ. ಅದಕ್ಕೆ ಕಾಗದ ಬೇಕು, ಕಾಗದಕ್ಕೆ ಕಾಲು ಬೇಕು.

ಯುಎಇಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕ್ಯಾಂಪಿನ ರೂಮಿನಲ್ಲಿ ಸಾವು ಸಂಭವಿಸಿದರೆ ಮೊದಲು ಪೊಲೀಸರು ಬರಬೇಕು. ಅವರ ವರದಿ, ವೈದ್ಯರ ವರದಿ ಆದ ಮೇಲೆ ಮರಣ ಪ್ರಮಾಣಪತ್ರ. ಕಂಪೆನಿಯ ಪಿಆರ್‌ಓ ವೀಸಾ ರದ್ದು ಮಾಡಿಸಬೇಕು. ಭಾರತೀಯ ದೂತಾವಾಸದಲ್ಲಿ ಮರಣ ನೋಂದಣಿ ಮಾಡಿಸಿ, ಪಾಸ್‌ಪೋರ್ಟ್ ರದ್ದು ಮಾಡಿಸಿ, ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇಲ್ಲೇ ದಫನ ಮಾಡುವುದೋ ಊರಿಗೆ ಕಳಿಸುವುದೋ ಎಂಬುದಕ್ಕೆ ವಾರಸುದಾರರ ಲಿಖಿತ ಒಪ್ಪಿಗೆ ಬೇಕು. ಊರಿಗೆ ಕಳಿಸುವುದಾದರೆ ಎಂಬಾಮಿಂಗ್, ಪೆಟ್ಟಿಗೆ, ವಿಮಾನದ ಕಾರ್ಗೋ ಬುಕಿಂಗ್. ಒಂದು ಕಾಗದದಲ್ಲಿ ಹೆಸರಿನ ಒಂದು ಅಕ್ಷರ ಪಾಸ್‌ಪೋರ್ಟಿಗಿಂತ ಬೇರೆ ಇದ್ದರೆ ಮತ್ತೆ ಮೊದಲ ಕೌಂಟರಿಗೇ ವಾಪಸ್. ನಡುವೆ ವಾರದ ರಜೆ ಬಂದರೆ ಅಷ್ಟು ದಿನ ಮಯ್ಯಿತ್ ಶವಾಗಾರದಲ್ಲೇ. ಊರಿನಲ್ಲಿ ಉಮ್ಮ ಗಂಟೆ ಗಂಟೆಗೆ ಕೇಳುತ್ತಿರುತ್ತಾರೆ, "ಮಗನನ್ನು ಯಾವಾಗ ತರುತ್ತಾರೆ?"

ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೈನ್‌ಗಳಲ್ಲಿ ನಿಯಮ ಸ್ವಲ್ಪ ಬೇರೆ ಇರಬಹುದು. ಆದರೆ ಎಲ್ಲಾ ಕಡೆ ಒಂದು ಮಾತು ನಿಜ: ಕೌಂಟರಿನ ಮುಂದೆ ಯಾರಾದರೂ ಒಬ್ಬರು ಖುದ್ದಾಗಿ ನಿಲ್ಲಲೇಬೇಕು.

ಆ ಒಬ್ಬರು ಯಾರು? ಹೆಚ್ಚಾಗಿ ಅವರ ಹೆಸರು ಯಾವ ಗ್ರೂಪಿನಲ್ಲೂ ಬರುವುದಿಲ್ಲ. ಮರ್ಹೂಮರ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ರೂಂಮೇಟ್, ಎರಡು ದಿನ ಡ್ಯೂಟಿ ಬಿಟ್ಟು ಆ ಎರಡು ದಿನದ ಸಂಬಳ ಕಳೆದುಕೊಂಡವನು. ಅರಬಿ ಬಲ್ಲ ಒಬ್ಬ ಟೈಪಿಂಗ್ ಸೆಂಟರಿನ ಹುಡುಗ. ರಾತ್ರಿ ಪಾಳಿ ಮುಗಿಸಿ ನಿದ್ದೆ ಮಾಡದೆ ಕಾರು ತಂದ ಟ್ಯಾಕ್ಸಿ ಡ್ರೈವರ್. ಅವನು ಬ್ಯಾರಿಯೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಮಲಯಾಳಿ, ಎಷ್ಟೋ ಸಲ ಪಾಕಿಸ್ತಾನದ ಪಠಾಣ, ಕೆಲವೊಮ್ಮೆ ನಮ್ಮದೇ ಊರಿನ ಬಿಲ್ಲವ ಅಥವಾ ಬಂಟ ಸಹೋದರ. ಇವರು ಸಂತಾಪದ ಮೆಸೇಜ್ ಬರೆದಿರುವುದಿಲ್ಲ. ಬರೆಯಲು ಅವರಿಗೆ ಪುರುಸೊತ್ತು ಸಿಕ್ಕಿರುವುದಿಲ್ಲ.

ದಫನವಾದ ಮೇಲೆ ಏನು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಮೂರನೇ ದಿನಕ್ಕೆ ಗ್ರೂಪಿನಲ್ಲಿ ಬೇರೆ ವಿಷಯ ಬರುತ್ತದೆ. ಏಳನೇ ದಿನಕ್ಕೆ ಮೆಸೇಜ್ ಬರೆದವರಿಗೆ ನೆನಪೂ ಮಸುಕಾಗುತ್ತದೆ. ಮರ್ಹೂಮರ ಮಡದಿಗೆ ನಿಜವಾದ ಕಷ್ಟ ಶುರುವಾಗುವುದು ಆಗಲೇ. ಇಲ್ಲಿ ನಾವು ಲೆಕ್ಕದ ಕೆಲಸ ಮಾಡುವವರಾದ್ದರಿಂದ ಸ್ವಲ್ಪ ಲೆಕ್ಕವನ್ನೇ ಮುಂದಿಡುತ್ತೇವೆ.

ಯುಎಇಯಲ್ಲಿ ಒಬ್ಬ ಕಾರ್ಮಿಕನ ಮೂಲ ಸಂಬಳ ತಿಂಗಳಿಗೆ 1,200 ದಿರ್ಹಂ ಎಂದಿಟ್ಟುಕೊಳ್ಳಿ. ಒಂದೇ ಕಂಪೆನಿಯಲ್ಲಿ 8 ವರ್ಷ ಪೂರ್ತಿ ದುಡಿದಿದ್ದಾನೆ. ಇಲ್ಲಿನ 2021ರ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ನಂತರದ ಪ್ರತಿ ವರ್ಷಕ್ಕೆ 30 ದಿನದ ಮೂಲ ಸಂಬಳ ಗ್ರಾಟ್ಯುಟಿಯಾಗಿ ಸಿಗಬೇಕು. ದಿನದ ಸಂಬಳ 40 ದಿರ್ಹಂ. ಮೊದಲ 5 ವರ್ಷಕ್ಕೆ 105 ದಿನ, ಅಂದರೆ 4,200. ಮುಂದಿನ 3 ವರ್ಷಕ್ಕೆ 90 ದಿನ, ಅಂದರೆ 3,600. ಒಟ್ಟು 7,800 ದಿರ್ಹಂ. ಇದಲ್ಲದೆ ಆ ತಿಂಗಳು ದುಡಿದ ದಿನಗಳ ಸಂಬಳ, ತೆಗೆದುಕೊಳ್ಳದ ರಜೆಯ ಹಣ ಬೇರೆ. ಇದು ಕಂಪೆನಿ ಕೊಡುವ ಸಹಾಯಧನವಲ್ಲ, ಧಣಿಯ ದಯೆಯೂ ಅಲ್ಲ. ಆತ ಬಿಸಿಲಿನಲ್ಲಿ ನಿಂತು ದುಡಿದ ಹಣ. ಕಾರ್ಮಿಕ ತೀರಿಕೊಂಡರೆ ಅದು ಅವನ ವಾರಸುದಾರರಿಗೆ ಸೇರಬೇಕು.

ಒಳ್ಳೆಯ ಕಂಪೆನಿ ತಾನಾಗಿಯೇ ಕೊಡುತ್ತದೆ. ಹಾಗಲ್ಲದ ಕಡೆ ಕೇಳುವವರು ಇಲ್ಲದಿದ್ದರೆ ಆ ಹಣ ಅಲ್ಲೇ ಉಳಿಯುತ್ತದೆ. ಹಕ್ಕು ಕೇಳಲು ಕಾನೂನು ಕೊಟ್ಟ ಅವಧಿಯೂ ಒಂದು ದಿನ ಮುಗಿಯುತ್ತದೆ. ಬಂಟ್ವಾಳದ ಒಳಗಿನ ಒಂದು ಹಳ್ಳಿಯಲ್ಲಿ ಇದ್ದತ್ ಕುಳಿತಿರುವ ಹೆಣ್ಣುಮಗಳಿಗೆ ಗ್ರಾಟ್ಯುಟಿ ಎಂಬ ಪದವೇ ಗೊತ್ತಿರುವುದಿಲ್ಲ. ಅವಳ ಪರವಾಗಿ ಒಂದು ಅರ್ಜಿ ಬರೆಯುವವನು, ಕಂಪೆನಿಯ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಮರ್ಯಾದೆಯಿಂದಲೇ ಆದರೂ ಗಟ್ಟಿಯಾಗಿ ಲೆಕ್ಕ ಕೇಳುವವನು ಆ ಮನೆಗೆ ಮಾಡುವ ಉಪಕಾರ ಸಾವಿರ ಸಂತಾಪಕ್ಕಿಂತ ತೂಕದ್ದು.

ಇನ್ನೂ ಕೆಲವು ಸಂಗತಿಗಳಿವೆ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಬಂದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ ಅದರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಉಂಟು. ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಆದರೆ ಪಾಲಿಸಿಯ ಕಾಗದ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಏಜೆಂಟ್ ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಬಂದ ದಿನವೇ ಎಲ್ಲೋ ಹೋಯಿತು. ಅವಧಿ ಮುಗಿದ ಮೇಲೆ ನವೀಕರಿಸಿದವರೂ ಕಡಿಮೆ. ಭಾರತ ಸರಕಾರ 2009ರಲ್ಲಿ ಆರಂಭಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ನಮ್ಮ ದೂತಾವಾಸಗಳಲ್ಲಿ ಉಂಟು. ತೀರಾ ಕಷ್ಟದಲ್ಲಿರುವವರ ಮಯ್ಯಿತ್ ಊರಿಗೆ ಕಳಿಸಲು, ತುರ್ತು ಚಿಕಿತ್ಸೆಗೆ, ಸಿಕ್ಕಿಬಿದ್ದವರ ಟಿಕೆಟಿಗೆ ಅದರಿಂದ ನೆರವು ಕೇಳಬಹುದು. ಅದಕ್ಕೂ ಯಾರಾದರೂ ಹೋಗಿ ಕೇಳಬೇಕು, ಅರ್ಜಿ ತುಂಬಬೇಕು.

ಊರಿನ ಕಡೆಯ ಕೆಲಸವೂ ಸಣ್ಣದಲ್ಲ. ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ, ನೋಟರಿ ಮಾಡಿಸಿದ ಅಧಿಕಾರ ಪತ್ರ, ಅದಕ್ಕೆ ಸರಕಾರದ ದೃಢೀಕರಣದ ಮುದ್ರೆ. ಗಂಡ ತೀರಿಹೋದ ಹೆಣ್ಣುಮಗಳು ಸಣ್ಣ ಮಗುವನ್ನು ಎತ್ತಿಕೊಂಡು ಇಷ್ಟು ಕಚೇರಿ ಸುತ್ತುವುದು ಹೇಗೆ? ಅವಳ ತಮ್ಮನಿಗೋ ಮೈದುನನಿಗೋ ಕಾಗದದ ವಿಷಯ ಗೊತ್ತಿರಬೇಕಲ್ಲ? ಊರಿನ ಜಮಾಅತ್ ಕಮಿಟಿಯಲ್ಲಿ ಇಂತಹ ಒಂದು ಕೆಲಸ ಬಲ್ಲ ಒಬ್ಬ ಯುವಕನಿದ್ದರೆ ಆ ಮನೆಗೆ ಬೆಳಕು.

ಪ್ರವಾದಿ(ಸ)ಯವರ ಕಾಲದ ಒಂದು ಘಟನೆ ನಮ್ಮಲ್ಲಿ ಅನೇಕರಿಗೆ ಗೊತ್ತುಂಟು. ಮದೀನಾದಲ್ಲಿ ಒಂದು ಮಯ್ಯಿತನ್ನು ನಮಾಝಿಗಾಗಿ ತರಲಾಯಿತು. ಈತನ ಮೇಲೆ ಸಾಲ ಇದೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಇದೆ ಎಂದಾಗ, ನಿಮ್ಮ ಸಂಗಾತಿಗೆ ನೀವೇ ನಮಾಝ್ ಮಾಡಿ ಎಂದು ಹಿಂದೆ ಸರಿದರು. ಆಗ ಅಬೂ ಖತಾದ(ರ) ಎಂಬ ಸಹಾಬಿ ಆ ಸಾಲ ತನ್ನ ಮೇಲಿರಲಿ ಎಂದು ಹೇಳಿದರು. ಆ ಮೇಲಷ್ಟೇ ಪ್ರವಾದಿ(ಸ) ನಮಾಝಿಗೆ ನಿಂತರು. ಒಂದು ವರದಿಯ ಪ್ರಕಾರ ಸಾಲ ಎರಡು ದೀನಾರ್. ನಮಾಝ್ ಮುಗಿದಲ್ಲಿಗೆ ಆ ವರದಿ ಮುಗಿಯುವುದಿಲ್ಲ. ಮರುದಿನ ಪ್ರವಾದಿ(ಸ)ಯವರು ಅಬೂ ಖತಾದ(ರ)ರನ್ನು ಕಂಡಾಗ ಆ ಎರಡು ದೀನಾರ್ ಏನಾಯಿತೆಂದು ಕೇಳಿದರು. ತೀರಿಕೊಂಡದ್ದು ನಿನ್ನೆಯಷ್ಟೇ ಅಲ್ಲವೇ ಎಂಬಂತೆ ಅವರು ಉತ್ತರಿಸಿದರು. ಅದರ ಮರುದಿನ ಮತ್ತೆ ಕೇಳಿದರು. ಸಲ್ಲಿಸಿದ್ದೇನೆ ಎಂಬ ಉತ್ತರ ಬಂದ ಮೇಲೆಯೇ ಪ್ರವಾದಿ(ಸ)ಯವರಿಗೆ ಮರ್ಹೂಮರ ಬಗ್ಗೆ ಸಮಾಧಾನವಾಯಿತು.

ಈ ಘಟನೆಯನ್ನು ಸ್ವಲ್ಪ ಯೋಚಿಸಿ ನೋಡಿ. ಅಬೂ ಖತಾದ(ರ) ಆಡಿದ್ದೂ ಮಾತೇ, ಒಂದೇ ವಾಕ್ಯ. ಆದರೆ ಅದು ಆಡಿದವರ ಮೇಲೆ ಭಾರ ಹೊರಿಸಿದ ಮಾತು. ಎರಡು ದೀನಾರಿನ ಖರ್ಚು ಅವರ ಖಾತೆಗೆ ಬಿತ್ತು. ಮಾತು ಆಡಿದವರು ಯಾರೋ ಸಾಮಾನ್ಯರಲ್ಲ, ಸಹಾಬಿ. ಆದರೂ ಪ್ರವಾದಿ(ಸ) ಬಿಡಲಿಲ್ಲ, ಸಲ್ಲಿಕೆ ಆಯಿತೇ ಎಂದು ಮತ್ತೆ ವಿಚಾರಿಸಿದರು. ಹಾಗಾದರೆ ವ್ಯತ್ಯಾಸ ಇರುವುದು ಬಾಯಿ ಮತ್ತು ಕೈಯ ನಡುವೆ ಅಲ್ಲ. ಆಡಿದವನಿಗೆ ಏನೂ ಖರ್ಚು ಬಾರದ ಮಾತು ಒಂದು, ಆಡಿದವನ ಹೆಗಲಿಗೆ ಹೊರೆ ತರುವ ಮಾತು ಇನ್ನೊಂದು. ಎರಡನೆಯದು ಆಡಿದ ಗಳಿಗೆಯಲ್ಲೇ ಅರ್ಧ ಕೆಲಸ. ಉಳಿದ ಅರ್ಧ, ಅದನ್ನು ತೀರಿಸುವುದು.

ಲೆಕ್ಕಪತ್ರದಲ್ಲಿ ವೋಚರ್ ಇಲ್ಲದ ಎಂಟ್ರಿಯನ್ನು ಆಡಿಟರ್ ಒಪ್ಪುವುದಿಲ್ಲ. ಪುಸ್ತಕದಲ್ಲಿ ಎಷ್ಟು ಚಂದದ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ. ಕೊಡುತ್ತೇನೆ ಎಂದವನ ಹೆಸರು ಒಂದು ಪಟ್ಟಿ, ಕೊಟ್ಟವನ ಹೆಸರು ಇನ್ನೊಂದು ಪಟ್ಟಿ. ನಮ್ಮ ಸಭೆ ಸಮಾರಂಭಗಳಲ್ಲಿ ಈ ಎರಡು ಪಟ್ಟಿಗಳ ನಡುವಿನ ಅಂತರ ಸಂಘಟನೆ ನಡೆಸುವ ಎಲ್ಲರಿಗೂ ಗೊತ್ತು. ಊರಿನ ಮದ್ರಸಕ್ಕೆ, ಬಡ ಹೆಣ್ಣುಮಗಳ ಮದುವೆಗೆ, ರೋಗಿಯ ಚಿಕಿತ್ಸೆಗೆ ಎಂದು ಮೈಕಿನಲ್ಲಿ ಮೊತ್ತ ಘೋಷಣೆಯಾಗುತ್ತದೆ, ಸಭೆ ತಕ್ಬೀರ್ ಹೇಳುತ್ತದೆ, ಶಾಲು ಹೊದಿಸಲಾಗುತ್ತದೆ. ಆ ಮಾತನ್ನು ನಂಬಿ ಊರಿನಲ್ಲಿ ಒಬ್ಬರು ಕಲ್ಲು, ಸಿಮೆಂಟಿಗೆ ಸಾಲ ಮಾಡಿರುತ್ತಾರೆ. ಆರು ತಿಂಗಳ ಮೇಲೆ ಫೋನ್ ಮಾಡಿದರೆ ಫೋನ್ ಎತ್ತುವುದಿಲ್ಲ. ಅಂತಹ ಮಾತಿಗೆ ಬೆಲೆ ಸೊನ್ನೆ ಎಂದರೂ ಕಡಿಮೆಯಾಯಿತು. ಅದು ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ ಸಾಲ. ಕೊಡಲು ಶಕ್ತಿಯಿಲ್ಲದವನು ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಕೊಡುತ್ತೇನೆಂದು ಹೇಳಿ ಕೊಡದವನಿಂದ ನಷ್ಟ ಉಂಟು.

ಕುರ್‌ಆನಿನ 107ನೇ ಅಧ್ಯಾಯದ ಹೆಸರು ಅಲ್ ಮಾಊನ್. ಮದ್ರಸದಲ್ಲಿ ಓದಿದ ಪ್ರತಿಯೊಬ್ಬರಿಗೂ ಅದು ಬಾಯಿಪಾಠ. ಆ ಪದದ ಅರ್ಥ ಕೇಳಿದರೆ ಮಾತ್ರ ತಡವರಿಸುವವರು ಉಂಟು. ನೆರೆಯವರು ಕೇಳಿದರೆ ಕೊಡುವ ಸಣ್ಣಪುಟ್ಟ ಬಳಕೆಯ ವಸ್ತು, ಸಣ್ಣ ಉಪಕಾರ ಎಂದೇ ಅದರ ಅರ್ಥ. ಪಾತ್ರೆ, ಕೊಡಲಿ, ನೀರಿನ ಬಕೆಟ್ ಎಂದು ವ್ಯಾಖ್ಯಾನಕಾರರು ಉದಾಹರಣೆ ಕೊಟ್ಟಿದ್ದಾರೆ. ತೋರಿಕೆಗಾಗಿ ಆರಾಧನೆ ಮಾಡುತ್ತಾ ಇಂತಹ ಸಣ್ಣ ಉಪಕಾರವನ್ನು ತಡೆಯುವವರ ಬಗ್ಗೆ ಆ ಅಧ್ಯಾಯ ಎಚ್ಚರಿಸುತ್ತದೆ. ಕೋಟಿ ಕೊಡದವರ ಬಗ್ಗೆ ಅಲ್ಲ, ಬಕೆಟ್ ಕೊಡದವರ ಬಗ್ಗೆ!

ನಮ್ಮ ಕ್ಯಾಂಪ್ ಜೀವನದಲ್ಲಿ ಮಾಊನ್ ಯಾವುದು? ಹೊಸದಾಗಿ ಬಂದ ಹುಡುಗನಿಗೆ ಮೊದಲ ಸಂಬಳ ಬರುವ ತನಕ ಮೆಸ್ಸಿನಲ್ಲಿ ಒಂದು ತಟ್ಟೆ. ಎಮಿರೇಟ್ಸ್ ಐಡಿಗೆ ಹೋಗಲು ಕಾರಿನಲ್ಲಿ ಒಂದು ಸೀಟ್. ಇಂಗ್ಲಿಷ್ ಬಾರದವನ ಒಪ್ಪಂದ ಪತ್ರವನ್ನು ಸಹಿ ಹಾಕುವ ಮೊದಲು ಬ್ಯಾರಿ ಭಾಷೆಯಲ್ಲಿ ಓದಿ ಹೇಳುವ ಹತ್ತು ನಿಮಿಷ. ಸರಕಾರಿ ಆಸ್ಪತ್ರೆಯಲ್ಲಿ ಮಲಗಿದ ಒಂಟಿ ರೋಗಿಗೆ ಒಂದು ಫ್ಲಾಸ್ಕ್ ಗಂಜಿ. ಇವಕ್ಕೆ ಯಾರೂ ಸನ್ಮಾನ ಮಾಡುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಅದೇ ಅವುಗಳ ಚಂದ.

ಇಷ್ಟು ಹೇಳಿದಾಗ ಹರೇಕಳ ಹಾಜಬ್ಬರು ನೆನಪಾಗದೆ ಇರುವುದಿಲ್ಲ. ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತುಳು ಮತ್ತು ಬ್ಯಾರಿ ಬಿಟ್ಟರೆ ಬೇರೆ ಭಾಷೆ ಬಾರದು. ವಿದೇಶಿಯರು ಇಂಗ್ಲಿಷಿನಲ್ಲಿ ಕಿತ್ತಳೆಯ ಬೆಲೆ ಕೇಳಿದಾಗ ಉತ್ತರ ಕೊಡಲಾಗದೆ ನಿಂತರು. ನಮ್ಮಲ್ಲಿ ಯಾರಾದರೂ ಆಗಿದ್ದರೆ ಶಿಕ್ಷಣದ ಮಹತ್ವದ ಬಗ್ಗೆ ಒಂದು ಭಾಷಣ ಮಾಡುತ್ತಿದ್ದೆವೋ ಏನೋ. ಅವರು ನ್ಯೂಪಡ್ಪುವಿನ ಮಕ್ಕಳಿಗೆ ಶಾಲೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದರು. ಕಿತ್ತಳೆ ಮಾರಿದ ಹಣದಲ್ಲಿ ಉಳಿಸಿದರು. ಮದ್ರಸದ ಕಟ್ಟಡದಲ್ಲಿ 28 ಮಕ್ಕಳಿಂದ ಶುರುವಾದ ಆ ಸರಕಾರಿ ಶಾಲೆ ಹೈಸ್ಕೂಲಿನ ತನಕ ಬೆಳೆಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ರಾಷ್ಟ್ರಪತಿಯವರಿಂದ ಅದನ್ನು ಸ್ವೀಕರಿಸಿದರು. ಪ್ರಶಸ್ತಿ ಬಂದ ಮೇಲೂ ಅವರ ಬೇಡಿಕೆ ಒಂದೇ ಆಗಿತ್ತು: ಊರಿಗೆ ಪಿಯು ಕಾಲೇಜು ಬೇಕು.

ಹಾಜಬ್ಬರ ಫೋಟೋ ಹಾಕಿ ನಮ್ಮ ಬ್ಯಾರಿ ಸಮುದಾಯದ ಹೆಮ್ಮೆ ಎಂದು ಬರೆಯುವುದು ಸುಲಭ. ಹೆಮ್ಮೆ ಪಡುವುದು ತಪ್ಪಲ್ಲ, ನಮಗೂ ಹೆಮ್ಮೆ ಉಂಟು. ಆದರೆ ಅವರ ಜೀವನದಿಂದ ಕಲಿಯಬೇಕಾದ ಪಾಠ ಬೇರೆ. ಮಾತು ಬಾರದೆ ನಿಂತ ಒಬ್ಬ ಮನುಷ್ಯ ಆ ಕೊರತೆಗೆ ಮಾತಿನಲ್ಲಿ ಉತ್ತರ ಕೊಡಲಿಲ್ಲ, ತನಗೆ ಸಿಗದ ಅಕ್ಷರವನ್ನು ಊರಿನ ಮಕ್ಕಳಿಗೆ ಸಿಗುವಂತೆ ಮಾಡಿದರು. ಒಳ್ಳೆಯ ಕೆಲಸಕ್ಕೆ ಓದು, ಹಣ, ಸ್ಥಾನಮಾನ ಎಲ್ಲ ಬಂದ ಮೇಲೆ ನೋಡೋಣ ಎನ್ನುವವರಿಗೆ ಅವರ ಕಿತ್ತಳೆ ಬುಟ್ಟಿಯೇ ಉತ್ತರ.

ಇನ್ನೊಂದು ನೆನಪು 2020ರದ್ದು. ಕೊರೊನಾದಿಂದ ವಿಮಾನ ನಿಂತು, ಕೆಲಸ ಹೋಗಿ, ರೂಮಿನ ಬಾಡಿಗೆ ಕಟ್ಟಲಾಗದೆ ನಮ್ಮವರು ಇಲ್ಲಿ ಸಿಕ್ಕಿಬಿದ್ದ ದಿನಗಳು. ವಂದೇ ಭಾರತ್ ಯೋಜನೆಯಡಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೋದದ್ದು ಆ ವರ್ಷದ ಮೇ 12ರಂದು. ಅದಕ್ಕೂ ಮೊದಲು, ನಂತರವೂ, ನಮ್ಮ ಕರಾವಳಿಯ ಅನೇಕ ಸಂಘಟನೆಗಳ ಕಾರ್ಯಕರ್ತರು ಮಾಡಿದ ಕೆಲಸ ಯಾರ ಭಾಷಣದಲ್ಲೂ ಪೂರ್ತಿಯಾಗಿ ಬಂದಿಲ್ಲ. ಗರ್ಭಿಣಿಯರು ಯಾರು, ರೋಗಿಗಳು ಯಾರು, ಕೆಲಸ ಹೋದವರು ಯಾರು ಎಂದು ರಾತ್ರಿ ಕುಳಿತು ಪಟ್ಟಿ ಮಾಡಿದರು. ಅಕ್ಕಿ, ಬೇಳೆಯ ಕಿಟ್ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಹೋದರು. ಪಡೆದವರಿಗೆ ಕೊಟ್ಟವರ ಮುಖವೂ ಕಾಣಲಿಲ್ಲ, ಇಬ್ಬರ ಬಾಯಿಗೂ ಮಾಸ್ಕ್. ಬಾಯಿ ಮುಚ್ಚಿದ್ದ ಆ ದಿನಗಳಲ್ಲೇ ಕೈಗಳು ಅತಿ ಹೆಚ್ಚು ಕೆಲಸ ಮಾಡಿದವು.

ಹಾಗೆಂದು ಮಾತಿಗೆ ಬೆಲೆಯೇ ಇಲ್ಲವೇ? ಉಂಟು. ಒಳ್ಳೆಯ ಮಾತೂ ಸದಖ ಎಂದು ನಮಗೆ ಕಲಿಸಲಾಗಿದೆ. ದುಆವನ್ನು ನಾವು ಸಣ್ಣದು ಮಾಡುವುದಿಲ್ಲ. ಮಗನನ್ನು ಕಳೆದುಕೊಂಡ ಉಮ್ಮನಿಗೆ ಫೋನ್ ಮಾಡಿ, ಅವರು ಅಳುವಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡು, "ಉಮ್ಮ, ನಾವೆಲ್ಲ ಇಲ್ಲಿ ಇದ್ದೇವೆ" ಎಂದು ಹೇಳುವುದು ಕೆಲಸವೇ. ಅದು ಫಾರ್ವರ್ಡ್ ಮಾಡಿದ ಸಂತಾಪವಲ್ಲ. ಅದಕ್ಕೆ ಧೈರ್ಯ ಬೇಕು, ಸಮಯ ಬೇಕು. ಭಾಷೆ ಬಾರದ ಕಾರ್ಮಿಕನ ಪರವಾಗಿ ಡಾಕ್ಟರರ ಮುಂದೆ ಹೊಟ್ಟೆನೋವು ಎಲ್ಲಿ ಎಂದು ವಿವರಿಸುವುದೂ ಮಾತೇ. ಸಂಬಳ ನಾಲ್ಕು ತಿಂಗಳಿಂದ ಬಂದಿಲ್ಲ ಎಂದು ದೂರು ಬರೆದುಕೊಡುವುದೂ ಬರೀ ಅಕ್ಷರವೇ. ಓದಿದವರಿಗೆ ಅಲ್ಲಾಹನು ಕೊಟ್ಟ ಬಂಡವಾಳ ಅದು. ಮೇಸನ್ ತನ್ನ ಕೈಯಿಂದ ಮಾಡುವುದನ್ನು ಗುಮಾಸ್ತ ತನ್ನ ಪೆನ್ನಿನಿಂದ ಮಾಡಬಹುದು. ನಮಗೆ ಅಂತಹ ಮಾತು ಬೇಕು, ಇನ್ನೂ ಹೆಚ್ಚು ಬೇಕು.

ಕೆಲಸ ಎಂದ ಮಾತ್ರಕ್ಕೆ ಎಲ್ಲ ಕೆಲಸವೂ ಒಳ್ಳೆಯದಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಷ್ಟದಲ್ಲಿರುವವನ ಫೋಟೋ, ಬ್ಯಾಂಕ್ ಖಾತೆ ನಂಬರ್ ಹಾಕಿ ಸಹಾಯ ಯಾಚಿಸುವ ಮೆಸೇಜನ್ನು ಹತ್ತು ಗ್ರೂಪಿಗೆ ಕಳಿಸಿ ಕರ್ತವ್ಯ ಮುಗಿಸಿದೆ ಎಂದುಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು 2021ರ ಕಾನೂನಿನ ಪ್ರಕಾರ ಅಪರಾಧ. ಭಾರೀ ದಂಡ ಉಂಟು, ಜೈಲೂ ಆಗಬಹುದು. ಉಪಕಾರ ಮಾಡಲು ಹೋದವನೇ ಜೈಲಿಗೆ ಹೋದರೆ ಅವನ ಮನೆಗೆ ಇನ್ನೊಬ್ಬರು ಉಪಕಾರ ಮಾಡಬೇಕಾಗುತ್ತದೆ. ಅನುಮತಿ ಇರುವ ಸಂಸ್ಥೆಗಳ ಮೂಲಕ, ದೂತಾವಾಸದ ಮೂಲಕ ಹೋಗುವುದು ನಿಧಾನ ಎನಿಸಬಹುದು, ಆದರೆ ಸರಿಯಾದ ದಾರಿ ಅದೇ. ಹಾಗೆಯೇ ಕಿಟ್ ಪಡೆಯುವವನ ಮುಖ ಕ್ಯಾಮೆರಾಕ್ಕೆ ಕಾಣುವಂತೆ ನಿಲ್ಲಿಸುವುದು. ಆ ಫೋಟೋ ಊರಿನಲ್ಲಿ ಅವನ ಹೆಂಡತಿ ಮಕ್ಕಳ ಮೊಬೈಲಿಗೂ ಹೋಗುತ್ತದೆ ಎಂಬ ಯೋಚನೆ ಕೊಟ್ಟವನಿಗೆ ಇರಬೇಕು. ಐದು ಕಿಲೋ ಅಕ್ಕಿಗೆ ಒಬ್ಬನ ಮಾನ ಬೆಲೆಯಲ್ಲ.

ಇನ್ನೊಂದು ಮುಖ್ಯ ವಿಷಯ. ಸತ್ತವರಿಗೆ ಸಿಗುವ ಮಾತು ಬದುಕಿರುವವರಿಗೆ ಸಿಗುವುದಿಲ್ಲ. ಮೂರು ವರ್ಷದಿಂದ ಊರಿಗೆ ಹೋಗದವನು, ಏಜೆಂಟಿನ ಸಾಲ ತೀರಿಸಲು ಎರಡು ಹೊತ್ತು ಮಾತ್ರ ಉಣ್ಣುವವನು, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೂ ಯಾರಿಗೂ ಹೇಳದವನು ಇದೇ ರೂಮಿನಲ್ಲಿ ಇರುತ್ತಾನೆ. ಅವನು ತೀರಿಕೊಂಡ ದಿನ, ಬಹಳ ಒಳ್ಳೆಯ ಮನುಷ್ಯ, ಯಾರಿಗೂ ತೊಂದರೆ ಕೊಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ತೊಂದರೆ ಕೊಟ್ಟವನಲ್ಲ ಎಂಬುದರ ಅರ್ಥ ಯಾರಲ್ಲೂ ಏನನ್ನೂ ಕೇಳಲಿಲ್ಲ ಎಂದು. ಕೇಳದವನ ಬಳಿಗೆ ಹೋಗಿ ಕೇಳುವುದೇ ನಿಜವಾದ ಸೇವೆ.

ಹಾಗಾಗಿ ಈ ಸಂಚಿಕೆಯ ಓದುಗರಲ್ಲಿ ನಾವು ಕೇಳುವುದು ದೊಡ್ಡದೇನೂ ಅಲ್ಲ. ಇವತ್ತು ರಾತ್ರಿ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಪಾಸ್‌ಪೋರ್ಟ್ ನಂಬರ್, ವೀಸಾ ಮತ್ತು ಲೇಬರ್ ಕಾರ್ಡಿನ ವಿವರ, ಕೆಲಸಕ್ಕೆ ಸೇರಿದ ತಾರೀಕು, ಒಪ್ಪಂದದಲ್ಲಿರುವ ಮೂಲ ಸಂಬಳ, ವಿಮೆ ಇದ್ದರೆ ಪಾಲಿಸಿ ನಂಬರ್, ಬ್ಯಾಂಕಿನ ಹೆಸರು, ಕೊಡಬೇಕಾದ ಸಾಲ, ಬರಬೇಕಾದ ಹಣ ಎಲ್ಲವನ್ನೂ ಬರೆಯಿರಿ. ಅದರ ಫೋಟೋವನ್ನು ಮನೆಯಲ್ಲಿ ನಂಬಿಕೆಯ ಒಬ್ಬರಿಗೆ, ಇಲ್ಲಿ ನಂಬಿಕೆಯ ಒಬ್ಬರಿಗೆ ಕಳಿಸಿ. ಇದು ಅಪಶಕುನದ ಮಾತಲ್ಲ. ಸಾಲ, ವ್ಯವಹಾರವನ್ನು ಬರೆದಿಡುವುದು ನಮ್ಮ ಧರ್ಮವೇ ಹೇಳಿದ ಶಿಸ್ತು. ಈ ಒಂದು ಹಾಳೆ ಇಲ್ಲದೆ ಎಷ್ಟೋ ಮನೆಯ ಹಣ ಮುಳುಗಿದೆ.

ನಿಮ್ಮ ರೂಮಿನಲ್ಲಿ ಓದು ಬಾರದವರಿದ್ದರೆ ಅವರ ಹಾಳೆಯನ್ನು ನೀವು ತುಂಬಿಕೊಡಿ. ಇಸಿಆರ್ ಪಾಸ್‌ಪೋರ್ಟಿನವರಾದರೆ ವಿಮೆಯ ಅವಧಿ ಮುಗಿದಿದೆಯೇ ನೋಡಿ, ನವೀಕರಿಸಲು ಸಹಾಯ ಮಾಡಿ. ಊರಿನಲ್ಲಿರುವ ಸಹೋದರಿಯರೇ, ಗಂಡ ಅಥವಾ ಮಗ ಕೆಲಸ ಮಾಡುವ ಕಂಪೆನಿಯ ಪೂರ್ತಿ ಹೆಸರು ನಿಮಗೆ ಗೊತ್ತುಂಟೇ? ದುಬೈಯಲ್ಲಿ ಇದ್ದಾರೆ ಎಂಬಷ್ಟೇ ಗೊತ್ತಿದ್ದರೆ ಸಾಲದು. ಮುಂದಿನ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಮುಂದಿನ ಬಾರಿ ಗ್ರೂಪಿನಲ್ಲಿ ಮರಣದ ಸುದ್ದಿ ಬಂದಾಗ ಇನ್ನಾಲಿಲ್ಲಾಹ್ ಬರೆಯಿರಿ, ದುಆ ಮಾಡಿ. ಅದರ ಕೆಳಗೆ ನಿಮ್ಮಿಂದ ಆಗುವ ಒಂದು ಕೆಲಸವನ್ನೂ ಬರೆಯಿರಿ: ನನ್ನಲ್ಲಿ ಕಾರು ಉಂಟು, ನನಗೆ ಅರಬಿ ಬರುತ್ತದೆ, ನಾಳೆ ನನಗೆ ರಜೆ, ಆ ಊರಿನ ನಾಡಕಚೇರಿಯಲ್ಲಿ ನನ್ನ ಪರಿಚಯದವರು ಇದ್ದಾರೆ. ಬರೆದ ಮೇಲೆ ಹೋಗಿ. ಬರೆಯಲು ಏನೂ ಇಲ್ಲದಿದ್ದರೆ ನಾಲ್ಕು ತಿಂಗಳು ಬಿಟ್ಟು ಒಂದು ದಿನ ಆ ಮನೆಗೆ ಫೋನ್ ಮಾಡಿ, ಮಕ್ಕಳ ಶಾಲೆಯ ಫೀಸು ಕಟ್ಟಿ ಆಯಿತೇ ಎಂದು ಕೇಳಿ. ಎರಡು ದೀನಾರ್ ಏನಾಯಿತು ಎಂದು ಮರುದಿನವೂ, ಅದರ ಮರುದಿನವೂ ಕೇಳಿದ ಪ್ರವಾದಿ(ಸ)ಯವರ ಉಮ್ಮತ್ ನಾವು.

ಈ ಪುಟಗಳಲ್ಲಿ ಬರೆಯುವುದೂ ಮಾತೇ ತಾನೇ ಎಂದು ಯಾರಾದರೂ ಕೇಳಿದರೆ, ಹೌದು, ಮಾತೇ. ಇದನ್ನು ಓದಿ ಒಬ್ಬರಾದರೂ ಆ ಹಾಳೆಯನ್ನು ತುಂಬಿದರೆ ಇದಕ್ಕೂ ಒಂದು ವೋಚರ್ ಸಿಕ್ಕಿತು ಎಂದುಕೊಳ್ಳುತ್ತೇವೆ.

ಆಡಿದ್ದನ್ನು ಮಾಡುವ, ಮಾಡಿದ್ದನ್ನು ಸಾರದೆ ಇರುವ ತೌಫೀಖನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಈ ಮಣ್ಣಿನಲ್ಲಿ ದುಡಿದು ಇಲ್ಲೇ ಕಣ್ಣು ಮುಚ್ಚಿದ ನಮ್ಮ ಸಹೋದರರಿಗೆ ಮಗ್ಫಿರತ್ ನೀಡಲಿ, ಅವರ ಮನೆಗಳನ್ನು ಕಾಪಾಡಲಿ. ಆಮೀನ್.

— ಸಂಪಾದಕ